ಇರ್ವಿನ್ ಬಿಟ್ಟುಹೋದ ಒಂಬತ್ತು ತೋಟಾ

ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನನ್ನ ಹೆಂಡತಿಯ ಚಿಕ್ಕಪ್ಪನ ಮಗ ವೆಂಡೆಲ್ ಇದ್ದಾನಲ್ಲ, ಮೊಂಟಾನಾದಲ್ಲಿ ಶಾಲೆ ಬಸ್ ಓಡಿಸ್ತಾನೆ... ಅವನಿಗೇ ಆಗಿದ್ದು.

ನವೆಂಬರ್ ತಿಂಗಳು. ಐದು ಗಂಟೆಗೆಲ್ಲ ಕತ್ತಲು. ವೆಂಡೆಲ್ ಬಸ್ ನಿಲ್ಲಿಸಿ ಸ್ಟಬ್ಬಿಯವರ ಮನೆ ಕಡೆ ನಡೆದು ಹೊರಟಿದ್ದ. ದಾರಿಯಲ್ಲಿ ಅವರ ಹಳೇ ಬಾವಿ. ಹಲಗೆ ಹಾಕಿ ಮುಚ್ಚಿ ಎಷ್ಟೋ ವರ್ಷವಾಗಿದೆ. ಅದನ್ನ ದಾಟಬೇಕು ಅನ್ನೋವಷ್ಟರಲ್ಲಿ ಮನೆ ಕಡೆಯಿಂದ ಸದ್ದು ಕೇಳಿಸ್ತು.

ಕ್ರ್‌ರ್‌ರ್... ಟಕ್.

ನಿಂತ. ಗಾಳಿ ಇರಲಿಲ್ಲ.

ಕ್ರ್‌ರ್‌ರ್... ಟಕ್.

ಆ ಸದ್ದು ಅವನಿಗೆ ಗೊತ್ತು. ಬೇಟೆಯ ಕೋವಿಗೆ ಮನೆಯಲ್ಲೇ ತೋಟಾ ತುಂಬ್ತಾರಲ್ಲ, ಆ ಪ್ರೆಸ್ಸಿನ ಸದ್ದು. ಹಿಡಿ ಕೆಳಗಿಳಿದು ಮೇಲೆ ಬರುವಾಗ ಕ್ರ್‌ರ್... ಮೇಲಿನ ದುಂಡನೆಯ ತಲೆ ಒಂದು ಸುತ್ತು ಸರಿದು ಕೂತಾಗ ಟಕ್. ಅವನ ಗೆಳೆಯ ಇರ್ವಿನ್ ಸ್ಟಬ್ಬಿಯ ನೆಲಮಾಳಿಗೆಯಲ್ಲಿ ಅಂಥದೊಂದಿತ್ತು. ಆದರೆ ಇರ್ವಿನ್ ಸತ್ತು ಮೂರು ವಾರವಾಗಿತ್ತು.

ವೆಂಡೆಲ್ ಆ ಸಂಜೆ ಅಲ್ಲಿಗೆ ಹೊರಟಿದ್ದೂ ಆ ಪ್ರೆಸ್ಸು ನೋಡಿ, ಹಿಡಿಸಿದರೆ ತರೋಕೇ. ವೆಂಡೆಲ್ ಹತ್ತಿರ ಇದ್ದದ್ದು ಹಳೇ ಕಾಲದ ಪ್ರೆಸ್ಸು. ಒಂದೊಂದು ಕೆಲಸಕ್ಕೂ ಒಂದು ಅಚ್ಚು ಬಿಚ್ಚಿ ಇನ್ನೊಂದು ತಿರುಪಬೇಕು. ಬಲ ಭುಜ ಹೋದ ಮೇಲೆ ಅದು ಅವನ ಕೈಲಿ ಆಗ್ತಿರಲಿಲ್ಲ. ತಲೆ ತಿರುಗೋ ಪ್ರೆಸ್ಸಾದರೆ ಅಚ್ಚುಗಳೆಲ್ಲ ಅದರಲ್ಲೇ ಕೂತಿರ್ತವೆ, ತಲೆ ತಿರುಗಿಸಿದರೆ ಸಾಕು. ಪೇಟೆ ಅಂಗಡಿಯಲ್ಲಿ ಹೊಸದೊಂದು ನೋಡಿ ಬಂದಿದ್ದ, ಅಚ್ಚು ಕೂರಿಸೋಕೆ ನಾಲ್ಕು ತೂತಿನದು. ಇರ್ವಿನ್‌ದು ಆರು ತೂತಿನದು, ಎರಕದ ಕಬ್ಬಿಣ.

"ಹೊಸದೇ ತಗೊಳ್ಳಿ," ಅಂದಿದ್ದಳು ಹೆಂಡತಿ ಲೊರೇಟ. "ಸತ್ತವರ ಸಾಮಾನು ಯಾಕೆ ಮನೆಗೆ?"

"ಹೊಸದರ ತಲೆ ಅಲ್ಲಾಡುತ್ತೆ ಕಣೇ."

"ನಿಮ್ಮದೂ ಅಲ್ಲಾಡುತ್ತೆ. ನಾನು ಇಟ್ಕೊಂಡಿಲ್ವಾ?"

ಇರ್ವಿನ್ ಹೆಂಡತಿ ಓಪಲ್ ಕೋಳಿಗೂಡಿನ ಹತ್ತಿರ ಟಾರ್ಚು ಹಿಡಿದು ನಿಂತಿದ್ದಳು. ಎಪ್ಪತ್ತು ದಾಟಿದ ಹೆಂಗಸು.

"ನೆಲಮಾಳಿಗೆಯಲ್ಲಿ ಯಾರಿದ್ದಾರೆ, ಓಪಲ್?"

"ಯಾರಿರ್ತಾರಪ್ಪ. ಆಲೂಗಡ್ಡೆ ಇದೆ." ಮನೆ ಗೋಡೆಗೆ ಒರಗಿದಂತಿದ್ದ ನೆಲಮಾಳಿಗೆ ಬಾಗಿಲನ್ನ ಎತ್ತಿ, ದೀಪ ಹಾಕಿದಳು. "ಇಷ್ಟ ಆದ್ರೆ ಬಿಚ್ಕೊಂಡು ಹೋಗು. ನಾನು ಕೋಳಿ ಕೂಡಿಹಾಕಿ ಬರ್ತೀನಿ."

ಎಂಟು ಮೆಟ್ಟಿಲು. ಕೆಳಗೆ ಮಣ್ಣಿನ ವಾಸನೆ, ಸಾಲಾಗಿ ಬೀಟ್‌ರೂಟ್ ಉಪ್ಪಿನಕಾಯಿ ಜಾಡಿ. ಮೂಲೆಯಲ್ಲಿ ಮರದ ಮೇಜು, ಅದಕ್ಕೆ ಬಿಗಿದ ಹಸಿರು ಪ್ರೆಸ್ಸು. ಪಕ್ಕದಲ್ಲಿ ಐವತ್ತು ತೋಟಾ ಹಿಡಿಯೋ ಡಬ್ಬಿ. ನಲವತ್ತೊಂದು ತುಂಬಿತ್ತು. ಉಳಿದ ಒಂಬತ್ತು ಹಿತ್ತಾಳೆ ಕೊಳವೆಗಳು ಮದ್ದು ತುಂಬಿಸಿಕೊಂಡು ಮೇಜಿನ ಮೇಲೆ ಸಾಲಾಗಿ ನಿಂತಿದ್ದವು. ಮೇಲೆ ಗುಂಡು ಕೂರಿಸೋದಷ್ಟೇ ಬಾಕಿ. ಆ ಕೆಲಸದ ನಡುವೆಯೇ ಇರ್ವಿನ್ ಎದೆಬಡಿತ ನಿಂತಿದ್ದು.

ವೆಂಡೆಲ್ ಎರಡೂ ಕೈಯಲ್ಲಿ ಪ್ರೆಸ್ಸಿನ ತಲೆ ಹಿಡಿದು ಅಲ್ಲಾಡಿಸಿದ. ಕೂದಲೆಳೆಯಷ್ಟೂ ಜಗ್ಗಲಿಲ್ಲ. ಇದೇ ಸರಿ ಅಂದುಕೊಂಡ. ಹಿಡಿಯ ಮೇಲೆ ಕೈಯಿಟ್ಟು ಕೆಳಗೆಳೆದ.

ಕ್ರ್‌ರ್‌ರ್...

ಹಿಡಿ ಮೇಲೆ ಬರಲಿಲ್ಲ.

ಅವನ ಕೈ ಮೇಲೆ ಇನ್ನೊಂದು ಕೈ ಇತ್ತು.

ಕಣ್ಣಿಗೆ ಏನೂ ಕಾಣಲ್ಲ. ಆದರೆ ತಣ್ಣಗೆ... ಭಾರವಾಗಿ... ಒಂದು ಹೆಬ್ಬೆರಳು, ಮೂರು ಬೆರಳು. ಇರ್ವಿನ್‌ನ ಉಂಗುರದ ಬೆರಳು ಹುಲ್ಲು ಕಟ್ಟೋ ಯಂತ್ರಕ್ಕೆ ಸಿಕ್ಕಿ ಹೋಗಿತ್ತು.

ದಢ್. ಮೇಲೆ ಬಾಗಿಲು ಬಿತ್ತು.

ಕೈ ಎಳೆದ. ಬರಲಿಲ್ಲ. ಓಪಲ್ ಅಂತ ಕೂಗಿದ. ಬಾಯಿಂದ ಬರೀ ಉಸಿರು ಬಂತು.

"ನಾಳೆ ಬರ್ತೀನಿ ಅಂದಿದ್ದೆಯಲ್ಲ," ಅಂತು ಕಿವಿ ಪಕ್ಕದಲ್ಲಿ.

ಈ ಮಾತು ವೆಂಡೆಲ್ ಯಾರಿಗೂ ಹೇಳಿರಲಿಲ್ಲ, ಲೊರೇಟಗೂ. ಸಾಯೋ ದಿನ ಮಧ್ಯಾಹ್ನ ಇರ್ವಿನ್ ಫೋನ್ ಮಾಡಿದ್ದ. ಎಡಗೈ ಯಾಕೋ ನೋಯ್ತಿದೆ ಮಾರಾಯ, ಒಂಬತ್ತೇ ಒಂಬತ್ತು ಉಳಿದಿವೆ, ಬಂದು ಕೈ ಹಾಕ್ತೀಯಾ ಅಂತ. ವೆಂಡೆಲ್ ಟೀವಿಯಲ್ಲಿ ಫುಟ್‌ಬಾಲ್ ನೋಡ್ತಿದ್ದ. ನಾಳೆ ಬರ್ತೀನಿ ಅಂದು ಇಟ್ಟುಬಿಟ್ಟಿದ್ದ.

"ಇರ್ವಿನ್... ನಂಗೆ ಗೊತ್ತಾಗ್ಲಿಲ್ಲ ಕಣೋ."

"ಒಂಬತ್ತು."

ಅಷ್ಟೇ. ಬೇರೆ ಮಾತಿಲ್ಲ.

ವೆಂಡೆಲ್ ಎಡಗೈಯಲ್ಲಿ ಕೊಳವೆ ಇಟ್ಟ, ಮೇಲೆ ಗುಂಡು ಇಟ್ಟ. ಬಲಗೈ ತಾನಾಗಿ ಇಳಿಯಿತು. ಕ್ರ್‌ರ್‌ರ್... ತಲೆ ತಿರುಗಿತು, ಟಕ್... ಇನ್ನೊಮ್ಮೆ ಹಿಡಿ ಇಳಿದು ಗುಂಡಿನ ಸುತ್ತ ಕೊಳವೆಯ ಬಾಯಿ ಬಿಗಿಯಾಯ್ತು. ಒಂದು. ಎರಡು. ನೋಯೋ ಭುಜ ನೋಯಲಿಲ್ಲ. ತೋಳೇ ತನ್ನದಲ್ಲ ಅನ್ನಿಸ್ತಿತ್ತಂತೆ.

ಐದನೆಯದಾದ ಮೇಲೆ ಆ ಕೈ ಸಡಿಲವಾಯ್ತು. ವೆಂಡೆಲ್ ಓಡಿದ. ಎಂಟು ಮೆಟ್ಟಿಲೂ ಹತ್ತಿ ಬಾಗಿಲಿಗೆ ಬೆನ್ನು ಕೊಟ್ಟು ನೂಕಿದ. ಹಂದಾಡಲಿಲ್ಲ. ಬಾಗಿಲ ಮೇಲೆ ಹಿಮ ಬಿದ್ದಿಲ್ಲ, ಬೀಗ ಇಲ್ಲ, ಚಿಲಕ ಇಲ್ಲ... ನೂಕಿದ. ಉಗುರಿನಲ್ಲಿ ಕೆರೆದ. ಹೊರಗೆ ಕೋಳಿಗಳು ಕೊಕ್ ಕೊಕ್ ಅನ್ನೋದು, ಓಪಲ್ ಅವನ್ನ ಬೈಯೋದು, ಎಲ್ಲ ಸ್ಪಷ್ಟವಾಗಿ ಕೇಳಿಸ್ತಿತ್ತು. ಅವನ ಸದ್ದೊಂದೇ ಅವಳಿಗೆ ಕೇಳಿಸ್ತಿರಲಿಲ್ಲ.

ಕೆಳಗೆ ಸದ್ದೇ ಇಲ್ಲ. ಯಾರೋ ಕಾಯ್ತಿರೋ ಹಾಗೆ...

ಎಷ್ಟು ಹೊತ್ತು ಹಾಗೆ ಮೆಟ್ಟಿಲ ಮೇಲೆ ಕೂತಿದ್ದನೋ ಅವನಿಗೇ ಗೊತ್ತಿಲ್ಲ. ಕೊನೆಗೆ ಎದ್ದ. ತಾನಾಗೇ ಇಳಿದ. ತಾನಾಗೇ ಹಿಡಿಯ ಮೇಲೆ ಕೈಯಿಟ್ಟ. "ಆಯ್ತು, ಬಾ," ಅಂದ.

ತಣ್ಣನೆಯ ಕೈ ಬಂದು ಕೂತಿತು.

ಆರು. ಏಳು. ಎಂಟು. ಒಂಬತ್ತನೆಯದಕ್ಕೆ ತಲೆ ತಿರುಗಿ ಟಕ್ ಅಂದಾಗ, ಕಿವಿ ಹತ್ತಿರ ಒಂದು ಉಸಿರು ಬಿಟ್ಟ ಹಾಗಾಯ್ತು. ಹಿಡಿ ಮೇಲೆದ್ದಿತು. ವೆಂಡೆಲ್ ಕೈಯಷ್ಟೇ ಅದರ ಮೇಲಿತ್ತು.

ಅದೇ ಹೊತ್ತಿಗೆ ಬಾಗಿಲು ತೆರೀತು. ಓಪಲ್. ಒಂದು ಕೈಯಲ್ಲಿ ಮೊಟ್ಟೆ ಬುಟ್ಟಿ, ಇನ್ನೊಂದರ ಎರಡು ಬೆರಳಲ್ಲಿ ಬಾಗಿಲು.

"ಯಾಕಪ್ಪ ಮುಚ್ಕೊಂಡೆ, ಚಳಿನಾ?"

ಅಡುಗೆಮನೆಯಲ್ಲಿ ಅವಳು ಕಾಫಿ ಕೊಟ್ಟಳು. ನೆಲಮಾಳಿಗೆಯದ್ದು ಅವನು ಹೇಳಲಿಲ್ಲ. ಫೋನಿನ ವಿಷಯ ಹೇಳಿದ.

ಓಪಲ್ ಮೆಲ್ಲಗೆ ಅಂದಳು, "ನನ್ನ ಹತ್ರಾನೂ ಹೇಳಿದ್ದ, ಕೈ ನೋವು ಅಂತ. ಮುಲಾಮು ಹಚ್ಕೋ ಅಂದೆ."

ಅವನ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದಳು.

"ಪ್ರೆಸ್ಸು?" ಕೇಳಿದಳು.

"ಅದು ಅಲ್ಲೇ ಇರಲಿ, ಓಪಲ್."

ಶನಿವಾರ ಪೇಟೆಗೆ ಹೋಗಿ ನಾಲ್ಕು ತೂತಿನದೇ ತಂದ. ಅದರ ತಲೆ ಸ್ವಲ್ಪ ಅಲ್ಲಾಡುತ್ತೆ. ಅಲ್ಲಾಡಲಿ ಅಂತಾನೆ. ತೋಟಾ ತುಂಬುವಾಗ ಲೊರೇಟ ಪಕ್ಕದಲ್ಲಿ ಕೂತಿರಬೇಕು ಅವನಿಗೆ.

ವೆಂಡೆಲ್ ಹೆದರಿ ಏನೇನೋ ಕಲ್ಪಿಸಿಕೊಂಡ ಅಂತ ನೀವು ಅನ್ನಬಹುದು. ನಾನೂ ಅಂದಿದ್ದೆ. ಆಮೇಲೆ ಕ್ರಿಸ್‌ಮಸ್‌ಗೆ ವೆಂಡೆಲ್ ಊರಿಗೆ ಹೋದಾಗ ಓಪಲ್ ಮನೆಗೆ ಹೋಗಿ ಆ ಡಬ್ಬಿಯನ್ನ ಈ ಕೈಯಲ್ಲೇ ಹಿಡಿದು ನೋಡಿದೆ. ವೆಂಡೆಲ್ ಬಂದುಹೋದ ಮಾರನೆಯ ಬೆಳಿಗ್ಗೆಯೇ ಅವಳು ಅದನ್ನ ಮೇಲೆ ತಂದು ಕಪಾಟಿನಲ್ಲಿ ಇಟ್ಟಳಂತೆ. ಐವತ್ತೂ ತುಂಬಿವೆ. ತೋಟಾ ತುಂಬೋರು ಡಬ್ಬಿ ಮುಗಿದ ದಿನ ಮುಚ್ಚಳಕ್ಕೆ ಚೀಟಿ ಅಂಟಿಸ್ತಾರೆ, ಎಷ್ಟು, ಯಾವತ್ತು ಅಂತ. ಇದಕ್ಕೂ ಅಂಟಿಸಿತ್ತು. ಪೆನ್ಸಿಲ್ಲಿನಲ್ಲಿ ಬರೆದದ್ದು. ಓಪಲ್ ನಲವತ್ತಾರು ವರ್ಷ ನೋಡಿದ ಕೈಬರಹ ಅದು, ಇರ್ವಿನ್‌ದೇ ಅಂತ ಅವಳೇ ಹೇಳಿದಳು.

ಚೀಟಿಯಲ್ಲಿದ್ದ ತಾರೀಖು ನವೆಂಬರ್ ಹದಿನಾಲ್ಕು. ವೆಂಡೆಲ್ ನೆಲಮಾಳಿಗೆಗೆ ಇಳಿದಿದ್ದ ದಿನ.