ಅಪ್ಪನ ಮೆಟ್ರೊನೋಮ್

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಈ ಸಂಗೀತ ಶಾಲೆಯ ಗುರುವೃಂದದವರೇ, ಇಂದು ಸನ್ಮಾನ ಸ್ವೀಕರಿಸಿ ಕೂತಿರುವ ನನ್ನ ತಂಗಿಯೇ, ಮತ್ತು ಎರಡು ಗಂಟೆಯಿಂದ ಗಟ್ಟಿ ಕುರ್ಚಿಗಳ ಮೇಲೆ ಕೂತು ತಾಳ್ಮೆ ತೋರಿಸಿರುವ ಸಭಿಕರೇ,

ಕಾರ್ಯಕ್ರಮ ಪಟ್ಟಿಯಲ್ಲಿ ನನ್ನ ಸರದಿಯ ಮುಂದೆ ‘ಕುಟುಂಬದ ಪರವಾಗಿ ಎರಡು ಸಿಹಿ ಮಾತು’ ಎಂದು ಅಚ್ಚಾಗಿದೆ. ಕ್ಷಮಿಸಬೇಕು. ಸಿಹಿ ಮಾತನ್ನು ಬರೆದುಕೊಂಡೇ ಬಂದಿದ್ದೆ. ಬಾಗಿಲಲ್ಲಿ ಕೈಗೆ ಕೊಟ್ಟ ಸ್ಮರಣ ಸಂಚಿಕೆಯ ಹನ್ನೆರಡನೆಯ ಪುಟ ಓದಿದ ಮೇಲೆ ಆ ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕಿಬಿಟ್ಟೆ.

ಏನಿದೆ ಆ ಪುಟದಲ್ಲಿ? ‘ಕ್ರೂರಿಯಾದ ಅಪ್ಪ ತಾಳ ಹಾಕುವ ಮೆಟ್ರೊನೋಮ್ ಎಂಬ ಯಂತ್ರವನ್ನು ಎದುರಿಗಿಟ್ಟು ಪುಟ್ಟ ಮಗಳ ಬಾಲ್ಯವನ್ನು ಅರೆದುಹಾಕಿದರು, ಆದರೂ ಆಕೆ ಪಿಯಾನೋ ಕಲಾವಿದೆಯಾಗಿ ಅರಳಿದರು’ ಎಂದಿದೆ. ನಿರೂಪಕರು ಅದನ್ನು ಗಟ್ಟಿಯಾಗಿ ಓದಿದರು. ನನಗಿಂತ ಮುಂಚೆ ಮಾತನಾಡಿದ ಮಹನೀಯರು ‘ಯಂತ್ರದಿಂದ ಲಯ ಕಲಿಯುವುದು ಗುಲಾಮಗಿರಿ’ ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಗಮನಿಸಿದಿರಾ, ಸ್ವಲ್ಪ ಹೊತ್ತಿಗೆ ಆ ಚಪ್ಪಾಳೆಯೂ ಒಂದೇ ಲಯಕ್ಕೆ ಬಿತ್ತು!

ಗುಲಾಮಗಿರಿಯಂತೆ! ನಾನು ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಮೂವತ್ತೊಂದು ವರ್ಷ ಜನರ ಮಣಿಕಟ್ಟು ಹಿಡಿದು ನಾಡಿ ಎಣಿಸಿದ್ದೇನೆ. ಎದೆಬಡಿತ ಒಂದೇ ಸಮನೆ ಇದ್ದರೆ ಯಾರಾದರೂ ‘ಅಯ್ಯೋ, ಇದು ಯಾಂತ್ರಿಕವಾಯಿತು’ ಎಂದು ದೂರು ಕೊಟ್ಟದ್ದುಂಟೇ? ಒಂದು ಬಡಿತ ಹೆಚ್ಚುಕಡಿಮೆಯಾದರೆ ಸಾಕು, ಇಡೀ ಮನೆಯೇ ನನ್ನ ಮೇಜಿನ ಮುಂದೆ ಬಂದು ನಿಲ್ಲುತ್ತಿತ್ತು. ಅಳುವ ಕೂಸನ್ನು ತಾಯಿ ತಟ್ಟಿ ಮಲಗಿಸುವುದು ಯಾವುದರಿಂದ? ಸಮನಾದ ತಟ್ಟಿನಿಂದ ತಾನೇ?

ಇರಲಿ. ನನ್ನ ಸಿಟ್ಟು ಅದರ ಮೇಲಲ್ಲ. ನನ್ನ ಸಿಟ್ಟು ‘ಕ್ರೂರಿ’ ಎಂಬ ಆ ಪದದ ಮೇಲೆ.

ನಮ್ಮಪ್ಪ ಬೈಂಡಿಂಗ್ ಅಂಗಡಿಯಲ್ಲಿ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದರು. ಬೆರಳ ತುದಿಗಳಲ್ಲಿ ಸದಾ ಅಂಟು. ಅಂಗಡಿಯವರು ಅವರಿಗಿಟ್ಟ ಅಡ್ಡಹೆಸರು ‘ಬಾಯಿಬೀಗ’. ಯಾಕೆಂದರೆ ನಮ್ಮಪ್ಪನಿಗೆ ಉಗ್ಗು ಇತ್ತು. ಸಾಧಾರಣ ಉಗ್ಗಲ್ಲ. ಒಂದು ಪದ ಹೊರಬರಬೇಕಾದರೆ ಕುತ್ತಿಗೆಯ ನರ ಉಬ್ಬುತ್ತಿತ್ತು, ಕಣ್ಣು ಮುಚ್ಚಿಹೋಗುತ್ತಿತ್ತು. ಕೊನೆಗೆ ಕೈಸನ್ನೆ ಮಾಡಿ ಸುಮ್ಮನಾಗಿಬಿಡುತ್ತಿದ್ದರು.

ನನಗೆ ಹದಿನೇಳು, ಈ ನನ್ನ ತಂಗಿಗೆ ಎರಡು ವರ್ಷ ಇದ್ದಾಗ ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರು ಅಪ್ಪನಿಗೆ ಒಂದು ಉಪಾಯ ಹೇಳಿದರು. ಅದರಂತೆ ಅಪ್ಪ ಹಳೇ ಸಾಮಾನಿನ ಅಂಗಡಿಯಿಂದ ಒಂದು ಮೆಟ್ರೊನೋಮ್ ತಂದರು. ಗೋಪುರದಂಥ ಮರದ ಪೆಟ್ಟಿಗೆ, ಅದರೊಳಗೆ ಅತ್ತಿತ್ತ ತೂಗಿ ಟಿಕ್ ಟಿಕ್ ಎನ್ನುವ ಕಡ್ಡಿ. ಒಂದು ಕಾಲು ಮುರಿದಿತ್ತು. ಓರೆಯಾಗಿ ನಿಂತರೆ ಅದೂ ಕುಂಟುತ್ತಿತ್ತು. ಅಪ್ಪ ಆ ಕಾಲಿನ ಕೆಳಗೆ ರಟ್ಟಿನ ಚೂರು ಕೊಟ್ಟು ನೆಟ್ಟಗೆ ನಿಲ್ಲಿಸಿದರು. ಕೀ ಕೊಟ್ಟರು. ಒಂದು ಟಿಕ್ಕಿಗೆ ಒಂದು ಅಕ್ಷರ. ಹಾಗೆ, ಟಿಕ್ಕಿನ ಜೊತೆ ಹೆಜ್ಜೆ ಹಾಕಿದಂತೆ, ಅಮ್ಮನ ಹೆಸರು ಕರೆದರು. ಮದುವೆಯಾಗಿ ಇಪ್ಪತ್ತು ವರ್ಷಕ್ಕೆ ಮೊದಲ ಸಲ ಆ ಹೆಸರು ಮುರಿಯದೆ ಬಂತು. ಅಮ್ಮ ಒಲೆ ಆರಿಸಿ ಬಂದು ಅವರ ಎದುರು ನೆಲದ ಮೇಲೆ ಕೂತರು. “ಇನ್ನೊಂದ್ಸಲ ಅನ್ನಿ” ಅಂದರು.

ಹೌದು ಸ್ವಾಮಿ, ಆ ಯಂತ್ರ ನಮ್ಮ ಮನೆಗೆ ಬಂದದ್ದು ಸಂಗೀತಕ್ಕಲ್ಲ. ಒಬ್ಬ ಮನುಷ್ಯ ಮಾತನಾಡಲಿಕ್ಕೆ.

ಹಾಗಾದರೆ ನನ್ನ ತಂಗಿಗೆ ಇದು ಯಾಕೆ ಗೊತ್ತಿಲ್ಲ? ನಿಮ್ಮ ಮುಖ ನೋಡಿದರೆ ಆ ಪ್ರಶ್ನೆ ಕಾಣುತ್ತಿದೆ. ಇಷ್ಟು ಹೇಳಿದ ಮೇಲೆ ಅದನ್ನೂ ಹೇಳಲೇಬೇಕು.

ಎರಡು ವರ್ಷದ ನಂತರ ನನ್ನ ಮದುವೆಯ ಮಾತಿಗೆಂದು ಹುಡುಗ ಮತ್ತು ಅವರ ತಂದೆತಾಯಿ ಮನೆಗೆ ಬರುವವರಿದ್ದರು. ಅದಕ್ಕೂ ಮುಂಚೆ ಒಂದು ವಾರ ಅಪ್ಪ ಅಂಗಡಿಯಿಂದ ಬಂದು, ಒಳಕೋಣೆಯಲ್ಲಿ ಟಿಕ್ ಟಿಕ್ ಹಚ್ಚಿ, ಒಂದೇ ವಾಕ್ಯ ಅಭ್ಯಾಸ ಮಾಡುತ್ತಿದ್ದರು. ಗೋಡೆಯಾಚೆಗೆ ನನಗೆ ಕೇಳಿಸುತ್ತಿತ್ತು. “ನ-ನ್ನ ಮ-ಗ-ಳ-ನ್ನ ಚೆ-ನ್ನಾ-ಗಿ ನೋ-ಡ್ಕೊ-ಳ್ಳಿ.”

ನನಗೆ ನಾಚಿಕೆಯಾಯಿತು. ಬಂದವರ ಮುಂದೆ ಒಂದು ಪೆಟ್ಟಿಗೆಗೆ ಕೀ ಕೊಟ್ಟು ಮಾತನಾಡುವ ಅಪ್ಪ! ಅವರು ಬರುವ ಮುಂಚೆ ಮೆಟ್ರೊನೋಮನ್ನು ಕಪಾಟಿನಿಂದ ತೆಗೆದು ಟ್ರಂಕಿನಲ್ಲಿ, ಹೊದಿಕೆಗಳ ಅಡಿಗೆ ಬಚ್ಚಿಟ್ಟೆ.

ಹುಡುಗನ ತಂದೆ ಕೇಳಿದರು, “ಏನ್ ಯಜಮಾನ್ರೇ, ನೀವೇನೂ ಹೇಳ್ಲೇ ಇಲ್ವಲ್ಲ?” ಅಪ್ಪ ಕಪಾಟಿನ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಅಪ್ಪ “ನ… ನ… ನ…” ಎಂದು ಶುರುಮಾಡಿ ನಿಲ್ಲಿಸಿಬಿಟ್ಟರು. ಮೆಟ್ಟಿಲಿಳಿಯುವಾಗ ಆ ಹಿರಿಯರು “ತುಂಬಾ ಜಂಭದ ಮನುಷ್ಯ” ಅಂದದ್ದು ನನಗೂ ಕೇಳಿಸಿತು, ಅಪ್ಪನಿಗೂ ಕೇಳಿಸಿತು. ಆ ಹುಡುಗನೇ ಮೂರನೇ ಸಾಲಿನಲ್ಲಿ ಕೂತಿರುವ ನನ್ನ ಗಂಡ; ಅವರಿಗೆ ಈ ವಿಷಯ ಇವತ್ತೇ ತಿಳಿಯುತ್ತಿದೆ. ಎದ್ದು ಹೋಗಬೇಡಿ, ಮನೆ ಬೀಗದಕೈ ನನ್ನ ಹತ್ತಿರ ಇದೆ.

ಅವತ್ತು ಸಂಜೆ ಮೆಟ್ರೊನೋಮನ್ನು ವಾಪಸ್ಸು ಕಪಾಟಿನಲ್ಲಿಟ್ಟೆ. ಅಪ್ಪ ತಮಗಾಗಿ ಇನ್ನೆಂದೂ ಅದಕ್ಕೆ ಕೀ ಕೊಡಲಿಲ್ಲ. ತಂಗಿ ಬುದ್ಧಿ ಬಂದಾಗಿನಿಂದ ಕಂಡದ್ದು ಕೈಸನ್ನೆಯ ಅಪ್ಪನನ್ನೇ.

ತಂಗಿ ಆರು ತುಂಬಿ ಈ ಶಾಲೆಗೆ ಸೇರಿದಾಗ ಇಲ್ಲಿಯವರು ಅಭ್ಯಾಸಕ್ಕೆಂದು ಒಂದು ಹಳೇ ಪಿಯಾನೋ ಮನೆಗೆ ಕೊಟ್ಟರು. ಆಗ ಅಪ್ಪ ಕಪಾಟಿನಿಂದ ಮೆಟ್ರೊನೋಮನ್ನು ಕೆಳಗಿಳಿಸಿದರು. ಅವರಿಗೆ ಸಂಗೀತದ ಗಂಧಗಾಳಿ ಇರಲಿಲ್ಲ. ಆದರೂ ದಿನಾ ಒಂದು ಗಂಟೆ ಮಗಳ ಪಕ್ಕ ಸ್ಟೂಲ್ ಹಾಕಿಕೊಂಡು ಟಿಕ್ಕಿಗೆ ಸರಿಯಾಗಿ “ಒಂದು, ಎರಡು, ಮೂರು, ನಾಲ್ಕು” ಎಂದು ಎಣಿಸುತ್ತಿದ್ದರು. ಯಾರೂ ನಗದ ಹಾಗೆ, ಯಾರಿಗೂ ನಾಚಿಕೆಯಾಗದ ಹಾಗೆ ಮಗಳ ಜೊತೆ ಮಾತನಾಡಲು ಅವರಿಗೆ ಉಳಿದಿದ್ದ ದಾರಿ ಅದೊಂದೇ.

ನಿನ್ನ ಬೆರಳು ನೋಯುತ್ತಿತ್ತು ತಂಗಿ, ಸುಳ್ಳಲ್ಲ. ನಿನಗೆ ಆಡಲು ಹೋಗಬೇಕಿತ್ತು, ಅದೂ ನಿಜ. ಒಂಬತ್ತನೇ ವಯಸ್ಸಿನಲ್ಲಿ ನೀನು ಕಿರುಚಿದೆ: “ನಿಮಗೆ ಒಂದು ಎರಡು ಬಿಟ್ರೆ ಬೇರೆ ಮಾತೇ ಬರಲ್ವಾ ಅಪ್ಪಾ?” ನಾನು ಮಗು ಕರೆದುಕೊಂಡು ತವರಿಗೆ ಬಂದಿದ್ದೆ, ಅಲ್ಲೇ ಬಾಗಿಲಲ್ಲಿ ನಿಂತಿದ್ದೆ. ಅಪ್ಪ ಓಲಾಡುವ ಕಡ್ಡಿಯನ್ನು ಬೆರಳಿನಿಂದ ಹಿಡಿದು ನಿಲ್ಲಿಸಿ ಹೊರಗೆ ಹೋದರು. ನೀನು ಅಳುತ್ತಾ “ಅಪ್ಪ ಯಾಕಕ್ಕಾ ಹೀಗೆ?” ಎಂದು ಕೇಳಿದೆ.

ಆಗ ನಾನು ಹೇಳಬೇಕಿತ್ತು. ಹೇಳಿದ್ದರೆ ಟ್ರಂಕಿನ ವಿಷಯವನ್ನೂ ಹೇಳಬೇಕಾಗುತ್ತಿತ್ತು. ಅದಕ್ಕೇ “ಅಪ್ಪ ಹಾಗೇ, ಬಿಡು” ಅಂದೆ. ನೀನು ನಂಬಿದೆ. ನಲವತ್ತು ವರ್ಷ ನಂಬಿದೆ. ಅಪ್ಪ ಹೋಗಿ ಹದಿನೆಂಟು ವರ್ಷವಾಯಿತು, ಆಮೇಲೂ ನಾನು ಬಾಯಿ ಬಿಡಲಿಲ್ಲ. ಉಗ್ಗಿದ್ದದ್ದು ಅವರಿಗಲ್ಲವೇ? ನನಗೇನಾಗಿತ್ತು?

ಕಾರ್ಯದರ್ಶಿಗಳು ಎರಡನೇ ಚೀಟಿ ಕಳಿಸಿದ್ದಾರೆ. ಮುಗಿಸುತ್ತೇನೆ.

ಸಂಪಾದಕರೇ, ಹನ್ನೆರಡನೆಯ ಪುಟವನ್ನು ಹರಿಯಬೇಡಿ. ಮರುಮುದ್ರಣದಲ್ಲಿ ಒಂದು ಸಣ್ಣ ತಿದ್ದುಪಡಿ ಮಾಡಿ. ‘ಕ್ರೂರಿ’ ಎಂಬ ಪದ ಹಾಗೇ ಇರಲಿ. ಅದರ ಪಕ್ಕದಲ್ಲಿ ‘ಅಪ್ಪ’ ಎಂದಿರುವ ಕಡೆ ‘ಅಕ್ಕ’ ಎಂದು ಹಾಕಿ. ಒಂದೇ ಅಕ್ಷರ ಬದಲಾಗುತ್ತದೆ, ಅಚ್ಚಿನ ಮನೆಯವರಿಗೆ ಹೆಚ್ಚು ತೊಂದರೆಯಾಗದು.

ಕೇಳಿಸಿಕೊಂಡ ನಿಮಗೆಲ್ಲ ವಂದನೆಗಳು. ತಂಗಿ, ನಿನಗೆ ನಮಸ್ಕಾರ.