ಅಡ್ಡ ನಿಲ್ಲುವವನು

ಚಿಕಿತ್ಸಾಲಯದ ಪಡಸಾಲೆಯಲ್ಲಿ ಕೆಲಸದ ಹುಡುಗಿ ಸದ್ದಿಲ್ಲದೆ ಟವೆಲು ಮಡಿಸುತ್ತಿದ್ದಳು. ಎದುರು ಬೆಂಚಿನಲ್ಲಿ ಮಂಡಿಗೆ ಪಟ್ಟಿ ಸುತ್ತಿಸಿಕೊಂಡಿದ್ದ ಫುಟ್‌ಬಾಲ್ ಡಿಫೆಂಡರ್, ಪಕ್ಕದಲ್ಲಿ ಕ್ಲಬ್ಬಿನ ಕಾಗದ ಹಿಡಿದ ಅವನ ಅಕ್ಕ.

“ಒಂದೇ ಮಂಡಿ, ಮೂರನೇ ಆಪರೇಷನ್ನು. ಆಟ ಬಿಡ್ತೀನಿ ಅಂತ ಸಹಿ ಹಾಕಿಬಿಡೋ.”

“ಹಾಕಲ್ಲ.”

“ಓಡಬೇಡ ಅಂದಿದಾರಲ್ಲ ಡಾಕ್ಟರು.”

“ಓಡೋದು ಎದುರಾಳಿ ಕೆಲಸ. ನಂದು ಅಡ್ಡ ನಿಲ್ಲೋದು. ಅವನು ಎಲ್ಲಿಗೆ ಬರ್ತಾನೆ ಅಂತ ಮೊದಲೇ ಗೊತ್ತಾಗುತ್ತೆ ನಂಗೆ.”

“ಹೋದ ಸಲ ಗೊತ್ತಾಗಲಿಲ್ವಾ?”

“ಗೊತ್ತಾಯ್ತು. ಅದಕ್ಕೇ ಕಾಲು ಕೊಟ್ಟೆ. ಗೋಲ್ ಆಗ್ಲಿಲ್ಲ ತಾನೆ?”

ಹುಡುಗಿಯ ಕೈ ಅಲ್ಲೇ ನಿಂತಿತು.

“ಈ ಪೌರುಷಾನೆಲ್ಲ ಅಮ್ಮನ ಮುಂದೆ ಕೊಚ್ಕೋ,” ಎಂದಳು ಅಕ್ಕ.

ಅವನ ಬೂಟಿನ ಚೀಲ ಹೆಗಲಿಗೇರಿಸಿ ದಡದಡನೆ ಹೊರಟಳು. ಅವನು ಗೋಡೆ ಹಿಡಿದು ಕುಂಟುತ್ತ ಹಿಂದೆಯೇ ಹೋದ.

“ಅಕ್ಕಾ, ಬೂಟು ಕೊಟ್ಟು ಹೋಗು.”