ತಮ್ಮನಿಗೆ ಸಿಕ್ಕ ಕೆಲಸ

ಅಮೆರಿಕದ ಇಂಡಿಯಾನಾದಲ್ಲಿ, ಜನ ತಾವೇ ಯಂತ್ರಕ್ಕೆ ಬಟ್ಟೆ ಹಾಕಿಕೊಳ್ಳುವ ಲಾಂಡ್ರಿಯೊಂದರಲ್ಲಿ, ಬಟ್ಟೆ ಒಣಗಲು ಕಾಯುತ್ತಿದ್ದ ವರ್ನಾಳ ಪಕ್ಕದಲ್ಲೇ ಅಕ್ಕ ತಮ್ಮ ಜಗಳಕ್ಕಿಳಿದಿದ್ದರು. ವರ್ನಾ ಪತ್ರಿಕೆಯಿಂದ ತಲೆ ಎತ್ತಲಿಲ್ಲ.

"ಕಾಲೇಜ್ ಟೀಮಿನವ್ರು ನನ್ನನ್ನ ಸಹಾಯಕ ಕೋಚ್ ಮಾಡ್ಕೊಂಡ್ರು ಕಣೇ. ಖುಷಿಪಡೋದು ಬಿಟ್ಟು..."

"ಇಷ್ಟು ವರ್ಷ ಶಾಲೆ ಹುಡುಗರಿಗೆ ಬಾಸ್ಕೆಟ್‌ಬಾಲ್ ಕಲಿಸಿದ್ಯಲ್ಲ, ಆಗ ಅವರ ಕಣ್ಣಿಗೆ ಬೀಳ್ಲಿಲ್ವಾ?"

"ಈಗ ಬಿದ್ದೆ."

"ನೀನಲ್ಲ ಕಣೋ ಪೆದ್ದ, ಬಿದ್ದಿದ್ದು ನನ್ನ ಮಗನ ಏಳಡಿ ಎತ್ತರ! ಅವನನ್ನ ಅವರ ಟೀಮಿಗೆ ಕರ್ಕೊಂಡು ಬರ್ತೀನಿ ಅಂತ ಮಾತು ಕೊಟ್ಟಿದ್ದೀಯ, ಅಲ್ವಾ?"

ತಮ್ಮ ಬಗ್ಗಿ ಶೂ ಲೇಸು ಕಟ್ಟತೊಡಗಿದ.

"ಅವನನ್ನ ಒಂದು ಮಾತು ಕೇಳಿದ್ಯಾ?"

"ಮಾವ ಕರೆದ್ರೆ ಬರಲ್ವೇನೇ ಅವನು?"

"ಬರ್ತಾನೆ. ಅದಕ್ಕೇ ನನಗೆ ಮೈ ಉರಿಯೋದು!"

ಅಕ್ಕ ಹಸಿಬಟ್ಟೆಯನ್ನೇ ಬುಟ್ಟಿಗೆ ತುರುಕಿ ಹೊರನಡೆದಳು. ಬುಟ್ಟಿಯಿಂದ ಜೋಲುತ್ತಿದ್ದ ಮಗನ ಪ್ಯಾಂಟಿನ ಉದ್ದನೆಯ ಕಾಲನ್ನು ನೆಲಕ್ಕೆ ತಾಗದಂತೆ ಎತ್ತಿ ಹಿಡಿದುಕೊಂಡು ತಮ್ಮನೂ ಹಿಂದೆಯೇ ಹೋದ.